ಕೆನ್ನೆಯ ಮೇಲಿನ ಕಾಗೆಬಂಗಾರ

ಬಳ್ಳಾರಿ ಜಿಲ್ಲೆಯ ಕುರುಗೋಡು, ಕಂಪ್ಲಿ, ಸಿರುಗುಪ್ಪ ಸೀಮೆಯ ಮದುವೆ ಹೆಣ್ಣುಗಳಿಗೆ ಸಿಂಗಾರ ಮಾಡುವುದು ನನ್ನ ಕಸುಬು. ಈಚೆಗೆ ಕನ್ನಡಿಯ ಮುಂದೆ ಬಂದು ಕೂರುವ ಹುಡುಗಿಯರ ಬೇಡಿಕೆ ಬದಲಾಗಿದೆ. ಮೊದಲೆಲ್ಲ ‘ಅಕ್ಕಾ, ಪೌಡರ್ ಗಟ್ಟಿಯಾಗಿ ಹಾಕ್ರಿ, ಬೆವತ್ರೂ ಹೋಗಬಾರ್ದು’ ಎನ್ನುತ್ತಿದ್ದರು. ಈಗ ಮೊಬೈಲಿನಲ್ಲಿ ಒಂದು ಫೋಟೊ ತೆಗೆದು ಮುಂದೆ ಹಿಡಿಯುತ್ತಾರೆ. ‘ಹಿಂಗ ಹೊಳೀಬೇಕು ನೋಡ್ರಿ. ಆದ್ರ ಹಚ್ಚಿಕೊಂಡಂಗ ಕಾಣಬಾರ್ದು.’ ಆ ಫೋಟೊದ ಹುಡುಗಿಯ ಕೆನ್ನೆಮೂಳೆಯ ಮೇಲೆ, ಮೂಗಿನ ದಂಡೆಯ ಮೇಲೆ, ಮೇಲ್ದುಟಿಯ ನಡುವಿನ ತಗ್ಗಿನಲ್ಲಿ ಈಗಷ್ಟೇ ಮುಖ ತೊಳೆದು ಬಂದಳೇನೋ ಎನ್ನುವ ಹಾಗೆ ಒಂದು ತೇವದ ಹೊಳಪು ಇರುತ್ತದೆ. ಅದನ್ನು ಕೊಡುವುದು ಹೈಲೈಟರ್ ಸ್ಟಿಕ್. ತುಟಿಗೆ ಹಚ್ಚುವ ಲಿಪ್‌ಸ್ಟಿಕ್ಕಿನ ಅಣ್ಣನಂತೆ ದಪ್ಪಗಿರುವ, ತಿರುವಿದರೆ ಮೇಲೇರುವ ಮೇಣದ ಕಡ್ಡಿ. ಇವತ್ತು ಅದರ ವಿಷಯ ಮಾತಾಡಬೇಕೆಂದು ಬಂದಿದ್ದೇನೆ.

ಇದೇನು ರೇಡಿಯೋದಲ್ಲಿ ಹೇಳುವಂಥ ಮಾತೇ ಎಂದು ಯಾರಿಗಾದರೂ ಅನ್ನಿಸಿದರೆ, ಸ್ವಲ್ಪ ತಾಳ್ಮೆಯಿಂದ ಕೇಳಬೇಕೆಂದು ಬೇಡಿಕೊಳ್ಳುತ್ತೇನೆ. ನಮ್ಮ ಹೆಣ್ಣುಮಕ್ಕಳು ತಮ್ಮ ಮುಖವನ್ನು ತಾವು ಹೇಗೆ ನೋಡಿಕೊಳ್ಳುತ್ತಾರೆ ಎಂಬುದು ಈ ಕಡ್ಡಿಗೆ ಅಂಟಿಕೊಂಡಿದೆ.

ಯಾವ ಹೊಸ ಸಾಮಾನು ಬಂದರೂ ನಾನು ಮೊದಲು ನನ್ನ ಕೈಯ ಹಿಂಬದಿಗೆ ಹಚ್ಚಿ ನೋಡುತ್ತೇನೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ನೋಡುವುದು ಸಾಲದು, ಹೊರಗೆ ಬಿಸಿಲಿಗೆ ಹಿಡಿಯಬೇಕು. ಈ ಸ್ಟಿಕ್ಕುಗಳು ಬಂದಾಗ ಎರಡು ಬಣ್ಣದವನ್ನು ಪಕ್ಕಪಕ್ಕದಲ್ಲಿ ಎಳೆದೆ. ಒಂದು ಬೆಳ್ಳಿಯ ಛಾಯೆಯದು, ಮುತ್ತಿನ ಬಣ್ಣ ಎಂದು ಡಬ್ಬಿಯ ಮೇಲೆ ಬರೆದಿತ್ತು. ಇನ್ನೊಂದು ಬಂಗಾರಕ್ಕೂ ತಾಮ್ರಕ್ಕೂ ನಡುವಿನದು. ಅಂಗಡಿಯ ಬೆಳಕಿನಲ್ಲಿ ಎರಡೂ ಚೆಂದವಾಗಿಯೇ ಕಂಡವು. ಅಂಗಳಕ್ಕೆ ಬಂದಾಗ ಬೆಳ್ಳಿಯ ಗೆರೆ ನನ್ನ ಗೋಧಿಗೆಂಪು ಚರ್ಮದ ಮೇಲೆ ಬೂದಿಯ ಪಟ್ಟಿಯಾಗಿ ನಿಂತಿತು. ಬೆಳಕಿಗೆ ವಾರೆಯಾಗಿ ಹಿಡಿದಾಗ ಮಾತ್ರ ಮಿನುಗು, ನೇರ ಹಿಡಿದರೆ ಬೂದಿ. ತಾಮ್ರದ ಗೆರೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ಎಂದು ಕಣ್ಣಿಗೆ ಸಿಗಲಿಲ್ಲ. ಕೈ ತಿರುಗಿಸಿದ ಹಾಗೆಲ್ಲ ಚರ್ಮವೇ ಒಳಗಿನಿಂದ ಬೆಚ್ಚಗೆ ಹೊಳೆದ ಹಾಗಿತ್ತು.

ಈ ವ್ಯತ್ಯಾಸಕ್ಕೆ ಕಾರಣ ತಿಳಿದುಕೊಳ್ಳಬೇಕೆಂದು ಓದಿದೆ, ತಿಳಿದವರನ್ನು ಕೇಳಿದೆ. ಹೈಲೈಟರಿನ ಮಿನುಗಿನ ಮೂಲ ಮೈಕಾ. ನಮ್ಮವರು ಅದನ್ನು ಅಭ್ರಕ ಎನ್ನುತ್ತಾರೆ, ಮಕ್ಕಳಿಗೆ ಅದು ಕಾಗೆಬಂಗಾರ. ಹೊಲದಲ್ಲೋ ಗುಡ್ಡದ ಬುಡದಲ್ಲೋ ಸಿಕ್ಕಿದಾಗ ಉಗುರಿನಿಂದ ಪದರ ಪದರವಾಗಿ ಎಬ್ಬಿಸಿ ಆಡಿದ ನೆನಪು ನಿಮ್ಮಲ್ಲಿ ಹಲವರಿಗೆ ಇದ್ದೀತು. ಆ ಪದರವನ್ನೇ ಕಣ್ಣಿಗೆ ಕಾಣದಷ್ಟು ನುಣ್ಣಗೆ ಪುಡಿಮಾಡಿ, ಪ್ರತಿ ಚೂರಿನ ಮೇಲೂ ಇನ್ನೊಂದು ವಸ್ತುವಿನ ತೆಳು ಲೇಪ ಕೊಡುತ್ತಾರೆ. ಹಿಂದೆ ಯುರೋಪಿನಲ್ಲಿ ಮೀನಿನ ಹುರುಪೆಯಿಂದ ಈ ಮುತ್ತಿನ ಕಾಂತಿ ತೆಗೆಯುತ್ತಿದ್ದರು. ಲೇಪ ಹಾಕಿದ ಮೈಕಾ ಮಾರುಕಟ್ಟೆಗೆ ಬಂದದ್ದು 1960ರ ದಶಕದಲ್ಲಿ. ಆ ಲೇಪ ಟೈಟಾನಿಯಂ ಡೈಆಕ್ಸೈಡಿನದಾದರೆ ಬೆಳ್ಳಿಯ ಬಿಳಿ ಹೊಳಪು. ಕಬ್ಬಿಣದ ಆಕ್ಸೈಡಿನದಾದರೆ ಬಂಗಾರ, ಕಂಚು, ತಾಮ್ರ.

ಕಬ್ಬಿಣದ ಆಕ್ಸೈಡ್ ಎಂದರೆ ಬಳ್ಳಾರಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಂಡೂರಿನ ಬೆಟ್ಟಗಳನ್ನು ಕೆಂಪಾಗಿಸಿದ್ದು ಅದೇ, ಅದಿರಿನ ಲಾರಿ ಹೋದ ರಸ್ತೆಯ ಬದಿಯ ಬೇವಿನೆಲೆಗೆ ಮೆತ್ತಿಕೊಳ್ಳುವುದೂ ಅದೇ. ಮುಖಕ್ಕೆ ಹಚ್ಚುವುದನ್ನು ಗಣಿಯಿಂದ ತಂದು ಹಾಕುವುದಿಲ್ಲ, ಶುದ್ಧವಾಗಿರಲೆಂದು ಕಾರ್ಖಾನೆಯಲ್ಲೇ ತಯಾರಿಸುತ್ತಾರೆ. ಆದರೆ ವಸ್ತು ಒಂದೇ. ಈ ನೆಲದ ಕೆಂಪು ಯಾವುದೋ ಅದೇ ಈ ನೆಲದ ಹುಡುಗಿಯ ಕೆನ್ನೆಗೆ ಹೊಂದುತ್ತದೆ ಎಂದು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಬೆಳಕು ಮುಖದ ಮೇಲೆ ಬಿದ್ದಾಗ ಅದರ ಸಣ್ಣದೊಂದು ಪಾಲು, ನೂರರಲ್ಲಿ ನಾಲ್ಕೈದು ಎನ್ನಿ, ಚರ್ಮದ ಮೇಲ್ಮೈಗೆ ತಾಗಿದ ಕೂಡಲೇ ಹಿಂದಿರುಗುತ್ತದೆ. ಮಿಕ್ಕದ್ದು ಒಳಗಿಳಿದು, ಮೆಲನಿನ್ ಕಣಗಳ ನಡುವೆ ಸುಳಿದಾಡಿ, ಒಂದಷ್ಟು ಅಲ್ಲೇ ಇಂಗಿ ಒಂದಷ್ಟು ಹೊರಗೆ ಬರುತ್ತದೆ. ಮೈಬಣ್ಣ ಕಾಣುವುದು ಹೀಗೆ ಒಳಹೊಕ್ಕು ಬಂದ ಬೆಳಕಿನಿಂದ. ಹೊಳಪು ಕಾಣುವುದು ಮೇಲಿನಿಂದಲೇ ಮರಳಿದ ಬೆಳಕಿನಿಂದ. ಮೇಲಿನಿಂದ ಮರಳುವ ಪಾಲು ಬೆಳ್ಳಗಿದ್ದವರಿಗೂ ಕಪ್ಪಗಿದ್ದವರಿಗೂ ಹೆಚ್ಚುಕಡಿಮೆ ಸಮಸಮ. ಬೆಳ್ಳನೆ ಮುಖದಲ್ಲಿ ಸುತ್ತಲೂ ಬೆಳಕೇ ಇರುವುದರಿಂದ ಹೊಳಪು ಅದರಲ್ಲಿ ಕರಗಿಹೋಗುತ್ತದೆ. ಕಪ್ಪು ಮುಖದಲ್ಲಿ ಅದು ಎದ್ದು ನಿಲ್ಲುತ್ತದೆ. ಎಣ್ಣೆಮಜ್ಜನವಾದ ಕರಿಗಲ್ಲಿನ ಮೂರ್ತಿಯ ಮೇಲೆ ಒಂದು ಹಣತೆಯ ಬೆಳಕು ಎಷ್ಟು ಕಡೆ ಮಿಂಚುತ್ತದೆ ನೋಡಿ, ಹಾಗೆ. ಕಂದು ಮೈಗೆ, ಕಪ್ಪು ಮೈಗೆ ಹೊಳಪು ಹುಟ್ಟಿನಿಂದ ಬಂದ ಆಸ್ತಿ. ಈ ಒಂದು ಮಾತನ್ನು ನನ್ನ ಕುರ್ಚಿಯಲ್ಲಿ ಕೂರುವ ಪ್ರತಿ ಹುಡುಗಿಗೂ ಹೇಳುತ್ತೇನೆ. ಇವತ್ತು ನಿಮ್ಮೆಲ್ಲರಿಗೂ ಹೇಳಬೇಕೆನಿಸಿತು.

ಹೇಳಬೇಕಾದ ಪ್ರಸಂಗ ಬರುತ್ತಲೇ ಇರುತ್ತದೆ. ತುಂಗಭದ್ರಾ ಕಾಲುವೆಯ ನೀರು ಬಂದ ಮೇಲೆ ನಮ್ಮ ಸೀಮೆಯ ಹೆಣ್ಣುಮಕ್ಕಳಿಗೆ ಗದ್ದೆಯ ನಾಟಿ, ಹತ್ತಿ ಬಿಡಿಸುವುದು, ಮೆಣಸಿನಕಾಯಿ ಬಿಡಿಸುವುದು, ಹೀಗೆ ಬಿಸಿಲಿನ ಕೆಲಸ ತಪ್ಪಿದ್ದಿಲ್ಲ. ಮೆಣಸಿನಕಾಯಿಯ ಘಾಟಿಗೆ ಮೂಗು ಬಾಯಿ ಮುಚ್ಚುವ ಹಾಗೆ ಬಟ್ಟೆ ಕಟ್ಟಿಕೊಳ್ಳುತ್ತಾರೆ, ತಲೆಗೂ ಸೆರಗು ಬಿಗಿಯುತ್ತಾರೆ. ಬಿಸಿಲಿಗೆ ತೆರೆದಿರುವುದು ಕಣ್ಣು ಮತ್ತು ಕೆನ್ನೆಮೂಳೆಯ ಮೇಲ್ಭಾಗ. ಅಂಥ ಹುಡುಗಿ ಮದುವೆಗೆ ಕುಳಿತಾಗ ಹಣೆ ಒಂದು ಬಣ್ಣ, ಗಲ್ಲ ಒಂದು ಬಣ್ಣ, ಕೆನ್ನೆಮೂಳೆ ಇನ್ನೂ ಒಂದು ಛಾಯೆ ಗಾಢ. ಜೊತೆಗೆ ಬಂದ ಚಿಕ್ಕಮ್ಮ, ಅತ್ತಿಗೆ ಎಲ್ಲರದೂ ಒಂದೇ ಒತ್ತಾಯ: ‘ಅದನ್ನ ಬೆಳ್ಳಗ ಮಾಡಿಬಿಡ್ರಿ.’ ಮೂರು ಛಾಯೆ ತಿಳಿಯಾದ ಫೌಂಡೇಶನ್ ಬಳಿದರೆ ಮುಖ ಬೆಳ್ಳಗಾಗುತ್ತದೆ ನಿಜ, ಕುತ್ತಿಗೆ ಕೈಗಳು ಯಾರದೋ ಆಗುತ್ತವೆ. ನಾನು ಅವಳ ಬಣ್ಣಕ್ಕೇ ಸರಿಹೊಂದುವ ಫೌಂಡೇಶನ್ ತೆಳ್ಳಗೆ ಹರಡಿ, ಬಿಸಿಲು ಕಪ್ಪಾಗಿಸಿದ ಆ ಕೆನ್ನೆಮೂಳೆಯ ಮೇಲೇ ತಾಮ್ರದ ಹೈಲೈಟರನ್ನು ಬೆರಳಿನಿಂದ ತಟ್ಟುತ್ತೇನೆ. ಎಲ್ಲರೂ ದೂರುತ್ತಿದ್ದ ಜಾಗಕ್ಕೇ ಬೆಳಕು ಬರುತ್ತದೆ. ಒತ್ತಾಯ ಮಾಡಿದ ಚಿಕ್ಕಮ್ಮನೇ ಹತ್ತಿರ ಬಂದು ಬಗ್ಗಿ ನೋಡುತ್ತಾಳೆ.

ಬೆಳ್ಳಗಾಗುವ ಆಸೆ ನಮ್ಮಲ್ಲಿ ನಿನ್ನೆ ಮೊನ್ನೆಯದಲ್ಲ. ಫೇರ್ ಅಂಡ್ ಲವ್ಲಿ ಎಂಬ ಕ್ರೀಮು 1975ರಲ್ಲಿ ಬಂತು. 2020ರಲ್ಲಿ ಅದರ ಹೆಸರಿನ ‘ಫೇರ್’ ಹೋಗಿ ‘ಗ್ಲೋ’ ಬಂತು. ಡಬ್ಬಿಯ ಮೇಲಿನ ಹೆಸರು ಬದಲಾದಷ್ಟು ಬೇಗ ಮನೆಗಳ ಒಳಗಿನ ಮಾತು ಬದಲಾಗಲಿಲ್ಲ. ಇನ್ನೂ ಕೆಟ್ಟದ್ದೆಂದರೆ ಸ್ಟಿರಾಯ್ಡ್ ಬೆರೆತ ಕ್ರೀಮುಗಳು. ಔಷಧಿ ಅಂಗಡಿಯಲ್ಲಿ ಕೇಳಿ ತಂದು ತಿಂಗಳುಗಟ್ಟಲೆ ಹಚ್ಚಿದ ಮುಖಗಳು ನನ್ನ ಮುಂದೆ ಬರುತ್ತವೆ. ಚರ್ಮ ತೆಳುವಾಗಿ ಒಳಗಿನ ರಕ್ತನಾಳದ ಎಳೆಗಳು ಕೆಂಪಗೆ ಕಾಣುತ್ತಿರುತ್ತವೆ, ಬಾಯಿಯ ಸುತ್ತ ಗುಳ್ಳೆ, ಬಿಸಿಲಿಗೆ ಹೋದರೆ ಉರಿ. ಇಂಥ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಕೂಡದು ಎಂದು 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಅಂಥ ಮುಖಕ್ಕೆ ನಾನು ಹೈಲೈಟರ್ ಮುಟ್ಟಿಸುವುದಿಲ್ಲ. ಆ ಚರ್ಮದ ಮಿರುಗು ಆರೋಗ್ಯದ್ದಲ್ಲ, ಅದರ ಮೇಲೆ ಇನ್ನೊಂದು ಮಿರುಗು ಹಾಕಿ ಮುಚ್ಚುವುದೂ ತಪ್ಪು. ಮದುವೆಗೆ ದಿನವಿದ್ದರೆ ಮೊದಲು ಚರ್ಮದ ವೈದ್ಯರಲ್ಲಿಗೆ ಕಳಿಸುತ್ತೇನೆ.

ನಮ್ಮ ಅಜ್ಜಿಯರ ಕಾಲದಲ್ಲಿ ಹೈಲೈಟರ್ ಇರಲಿಲ್ಲವೇ? ಇತ್ತು. ಅರಿಷಿಣ ಎಣ್ಣೆ ಹಚ್ಚಿ ಮೀಯುವುದೇ ಅದು. ಎಣ್ಣೆ ಚರ್ಮದ ಒರಟು ಮೇಲ್ಮೈಯನ್ನು ಸಮ ಮಾಡಿ ಬೆಳಕನ್ನು ಒಂದೇ ದಿಕ್ಕಿಗೆ ಮರಳಿಸುತ್ತದೆ, ಅರಿಷಿಣ ಅದಕ್ಕೆ ಬಂಗಾರದ ಛಾಯೆ ಕೊಡುತ್ತದೆ. ಮದುವೆಯ ಅರಿಷಿಣ ಶಾಸ್ತ್ರದ ಮರುದಿನ ಹೆಣ್ಣಿನ ಮುಖದಲ್ಲಿ ಕಾಣುವ ಕಳೆಯಲ್ಲಿ ಅರ್ಧ ಪಾಲು ಇದರದು. ಅರಿಷಿಣದ ಈ ಕಳೆ ಜೋಗತಿಯರಲ್ಲೂ ಕಾಣುತ್ತದೆ. ಇದೇ ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಹುಟ್ಟಿದ ಜೋಗತಿ ಕಲಾವಿದೆ ಮಂಜಮ್ಮ ಜೋಗತಿಯವರು 2021ರ ನವೆಂಬರಿನಲ್ಲಿ ದೆಹಲಿಯಲ್ಲಿ ಪದ್ಮಶ್ರೀ ಸ್ವೀಕರಿಸುವ ಮುನ್ನ ಸೆರಗಿನಿಂದ ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದದ್ದನ್ನು ದೇಶವೇ ನೋಡಿತು. ಎಲ್ಲಮ್ಮನ ಕೊಡ ಹೊತ್ತು ಕುಣಿಯುವ ಜೋಗತಿಯರ ಮುಖದಲ್ಲಿ ಭಂಡಾರದ, ಅಂದರೆ ಅರಿಷಿಣ ಪುಡಿಯ, ಹಳದಿ ಮತ್ತು ಬೆವರು ಸೇರಿ ಬರುವ ಹೊಳಪನ್ನು ಹತ್ತಿರದಿಂದ ಕಂಡವರಿಗೆ, ಬಂಗಾರದ ಛಾಯೆ ಕಂದು ಮೈಗೆ ಯಾಕೆ ಒಪ್ಪುತ್ತದೆ ಎಂದು ಯಾವ ಪುಸ್ತಕವೂ ಕಲಿಸಬೇಕಾಗಿಲ್ಲ.

ರಂಗಭೂಮಿಯವರಿಗೂ ಈ ವಿದ್ಯೆ ಗೊತ್ತಿತ್ತು. ಬಳ್ಳಾರಿ ನಾಟಕದ ಊರು. ವಕೀಲಿ ಮಾಡುತ್ತಲೇ ದೊಡ್ಡ ನಟರಾಗಿದ್ದ ಬಳ್ಳಾರಿ ರಾಘವರು ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ಮಾಡಬೇಕೆಂದು ಹಟ ಹಿಡಿದವರು. ಅವರ ಹೆಸರಿನ ಕಲಾಮಂದಿರ ಊರಿನಲ್ಲಿದೆ. ಮುಂದೆ ಸುಭದ್ರಮ್ಮ ಮನ್ಸೂರ್ ಅವರು ‘ರಕ್ತರಾತ್ರಿ’ಯ ದ್ರೌಪದಿಯಾಗಿ ನಿಂತರೆ ಕೊನೆಯ ಸಾಲಿನಲ್ಲಿ ಕುಳಿತವರಿಗೂ ಕಣ್ಣಿನ ಕಿಡಿ ಕಾಣುತ್ತಿತ್ತು ಎಂದು ಹಿರಿಯರು ಹೇಳುತ್ತಾರೆ. ಬಯಲಾಟದವರದು ಇನ್ನೂ ಗಟ್ಟಿ ಬಣ್ಣ. ಅರದಾಳ, ಇಂಗಳೀಕ, ಸಫೇದಗಳನ್ನು ಎಣ್ಣೆಯಲ್ಲಿ ಅರೆದು ಹಚ್ಚುತ್ತಿದ್ದರು. ಗ್ಯಾಸ್‌ಲೈಟಿನ ಬೆಳಕಿಗೆ ಅರದಾಳದ ಮುಖ ಚಿನ್ನದ ಹಾಗೆ ಥಳಥಳಿಸುತ್ತಿತ್ತು. ಆದರೆ ಅರದಾಳದಲ್ಲಿರುವುದು ಆರ್ಸೆನಿಕ್, ಇಂಗಳೀಕದಲ್ಲಿರುವುದು ಪಾದರಸ. ರಾತ್ರಿಯಿಡೀ ಅದನ್ನು ಮುಖದ ಮೇಲೆ ಹೊತ್ತು ಕುಣಿದ ಕಲಾವಿದರನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆ ಹೊಳಪನ್ನು ವಿಷವಿಲ್ಲದೆ ಕೊಡುವ ವಸ್ತು ಇವತ್ತು ಕೈಗೆ ಸಿಗುತ್ತಿರುವುದು ಸಣ್ಣ ಮಾತಲ್ಲ.

ಈಗ ಹಚ್ಚುವ ಬಗೆ. ನಮ್ಮ ಊರಿನ ಬಿಸಿಲು ಬೇಸಿಗೆಯಲ್ಲಿ 40 ಡಿಗ್ರಿ ಸಲೀಸಾಗಿ ದಾಟುತ್ತದೆ, ಮದುವೆಗಳೂ ಆ ತಿಂಗಳುಗಳಲ್ಲೇ. ಹೈಲೈಟರ್ ಸ್ಟಿಕ್ಕಿನ ಮೈ ಎಂದರೆ ಮೇಣ ಮತ್ತು ಎಣ್ಣೆ. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿಗೆ, ಆದರೆ ಎಣ್ಣೆ ಬೆರೆತ ಕಡ್ಡಿ ಅದಕ್ಕೆ ಬಹಳ ಮುಂಚೆಯೇ ಮೆತ್ತಗಾಗುತ್ತದೆ. ಹಲವು ಸ್ಟಿಕ್ಕುಗಳಲ್ಲಿ ಇರುವ ಎಣ್ಣೆ ಯಾವುದು ಗೊತ್ತೇ? ಔಡಲೆಣ್ಣೆ. ನೆತ್ತಿಗೆ ತಟ್ಟಿದ, ಅಂಗಾಲಿಗೆ ತಿಕ್ಕಿದ, ದೀಪ ಉರಿಸಿ ಕಣ್ಣಕಪ್ಪು ಹಿಡಿದ ಅದೇ ಔಡಲೆಣ್ಣೆ. ಅದರ ಅಂಟು ಗುಣವೇ ಕೆನ್ನೆಗೆ ತೇವದ ಹೊಳಪು ಕೊಟ್ಟು ನಿಲ್ಲಿಸುತ್ತದೆ. ಹಾಗಾಗಿ ಈ ಸ್ಟಿಕ್ಕನ್ನು ಬಿಸಿಲಿಗೆ ನಿಂತ ಕಾರಿನಲ್ಲಿ, ಬೈಕಿನ ಡಿಕ್ಕಿಯಲ್ಲಿ ಇಡಬೇಡಿ. ಒಮ್ಮೆ ಕರಗಿ ಗಟ್ಟಿಯಾದರೆ ಮೈಕಾ ಅಡಿಗೆ ಕೂತು, ಮೇಲೆ ಬರೀ ಎಣ್ಣೆಮೇಣ ಉಳಿಯುತ್ತದೆ.

ಮುಖ ತೊಳೆದು, ನೀರು ಆರುವ ಮುಂಚೆ ಮಾಯಿಶ್ಚರೈಸರ್ ಹಚ್ಚಿ. ಹಗಲಾದರೆ ಸನ್‌ಸ್ಕ್ರೀನ್ ಕಡ್ಡಾಯ. ಅದು ಹೀರಿಕೊಳ್ಳುವವರೆಗೆ ಕಾಯಬೇಕು, ಈ ಕಾಯುವುದನ್ನು ಅವಸರದಲ್ಲಿ ಎಲ್ಲರೂ ಬಿಟ್ಟುಬಿಡುತ್ತಾರೆ. ಸ್ಟಿಕ್ಕನ್ನು ನೇರವಾಗಿ ಕೆನ್ನೆಗೆ ಉಜ್ಜಬೇಡಿ, ಕೆಳಗಿನ ಫೌಂಡೇಶನ್ ಕಿತ್ತುಬರುತ್ತದೆ. ಉಂಗುರದ ಬೆರಳಿನ ತುದಿಯನ್ನು ಕಡ್ಡಿಯ ಮೇಲೆ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ, ಮೈಯ ಬಿಸಿಗೆ ಅದು ಜಾರುವಷ್ಟು ಮೆತ್ತಗಾಗುತ್ತದೆ. ಆ ಬೆರಳಿನಿಂದ ಕೆನ್ನೆಮೂಳೆಯ ತುದಿಯಿಂದ ಕಣ್ಣಿನ ಹೊರಮೂಲೆಯ ಕಡೆಗೆ ತಟ್ಟುತ್ತ ಹೋಗಿ. ನಕ್ಕಾಗ ಉಬ್ಬುವ ಕೆನ್ನೆಯ ಗುಂಡುಭಾಗಕ್ಕೆ ಬೇಡ, ಅದಕ್ಕಿಂತ ಮೇಲೆ. ಹುಬ್ಬಿನ ಕೆಳಗೆ ಒಂದು ಮುಟ್ಟು, ಮೇಲ್ದುಟಿಯ ತಗ್ಗಿಗೆ ಒಂದು ಮುಟ್ಟು. ಮೂಗಿನ ತುದಿಗೆ, ಹಣೆಗೆ ನಾನು ಹಚ್ಚುವುದಿಲ್ಲ. ಬಳ್ಳಾರಿಯ ಸೆಕೆಗೆ ಆ ಎರಡು ಜಾಗ ತಮ್ಮಷ್ಟಕ್ಕೆ ತಾವೇ ಹೊಳೆಯುತ್ತವೆ, ಅಲ್ಲಿಗೆ ತೆಳ್ಳಗೆ ಪೌಡರ್ ಒತ್ತಿದರೆ ಸಾಕು. ಪೌಡರ್ ಹಾಕಿದ ಜಾಗದ ಮೇಲೆ ಸ್ಟಿಕ್ ಹಚ್ಚಿದರೆ ಗಂಟುಗಂಟಾಗುತ್ತದೆ. ಮೊದಲು ಸ್ಟಿಕ್, ಆಮೇಲೆ ಬೇಕಾದಲ್ಲಿ ಮಾತ್ರ ಪೌಡರ್.

ಮೊಡವೆ, ಮೊಡವೆಯ ಕುಳಿ ಇರುವ ಕಡೆ ಹೊಳಪು ಕುಳಿಯನ್ನೇ ಎತ್ತಿ ತೋರಿಸುತ್ತದೆ. ಐವತ್ತು ದಾಟಿದ ಅಮ್ಮಂದಿರಿಗೆ ಕಣ್ಣಿನ ಪಕ್ಕದ ಗೆರೆಗಳನ್ನು ಬಿಟ್ಟು ಸ್ವಲ್ಪ ಕೆಳಗೆ ತಟ್ಟಬೇಕು. ಅವರಿಗೆ ಮಿಂಚುಪುಡಿ ಹೆಚ್ಚಿರುವ ಸ್ಟಿಕ್ ಸಲ್ಲದು. ಬೆರಳಿಗೆ ಹಚ್ಚಿಕೊಂಡಾಗ ಬೇರೆ ಬೇರೆ ಚುಕ್ಕಿಗಳು ಕಣ್ಣಿಗೆ ಕಂಡರೆ ಅದು ದಪ್ಪ ಕಣದ್ದು, ಮೊಬೈಲಿನ ಫ್ಲ್ಯಾಷಿಗೆ ಬಿಳಿಯ ಬೊಟ್ಟುಗಳಾಗಿ ಬರುತ್ತದೆ. ನುಣುಪಾದ ಒಂದೇ ಪೊರೆ ಕಂಡರೆ ಅದು ಒಳ್ಳೆಯದು. ವಯಸ್ಸಾದ ಚರ್ಮಕ್ಕೆ ಈ ತೇವದ ಹೊಳಪು ಪೌಡರಿಗಿಂತ ಎಷ್ಟೋ ಪಾಲು ಚೆಂದ. ಹೆಣ್ಣಿನ ತಾಯಿಗೂ ಒಂದು ಬೆರಳು ಹಚ್ಚದೆ ನಾನು ಪೆಟ್ಟಿಗೆ ಮುಚ್ಚುವುದಿಲ್ಲ.

ಕೊಳ್ಳುವಾಗಿನ ಎಚ್ಚರ ಬೇರೆ. ಹೋಳಿ ಹುಣ್ಣಿಮೆಯ ಹೊತ್ತಿಗೆ ನಮ್ಮ ಕುರುಗೋಡಿನ ದೊಡ್ಡಬಸವೇಶ್ವರನ ತೇರು. ತೇರಿನ ಅಂಗಡಿಸಾಲಿನಲ್ಲಿ ಬಳೆ, ರಿಬ್ಬನ್ನಿನ ಜೊತೆಗೆ ಹೆಸರಾಂತ ಕಂಪನಿಗಳ ಡಬ್ಬಿಯನ್ನೇ ಹೋಲುವ ನಕಲಿ ಸಾಮಾನೂ ಇರುತ್ತದೆ. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಡಬ್ಬಿಯ ಮೇಲೆ ತಯಾರಕರ ಹೆಸರು ವಿಳಾಸ, ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಕೆಯ ಅವಧಿ, ಒಳಗಿನ ವಸ್ತುಗಳ ಪಟ್ಟಿ ಇರಲೇಬೇಕು. ಇವಿಲ್ಲದ್ದನ್ನು ಹತ್ತು ರೂಪಾಯಿಗೆ ಕೊಟ್ಟರೂ ಬೇಡ ಎನ್ನಿ. ಎಲ್ಲರೂ ಮುಟ್ಟಿ ನೋಡುವ ಸ್ಟಿಕ್ಕನ್ನು ನಿಮ್ಮ ಮುಖಕ್ಕೆ ತಾಗಿಸಬೇಡಿ. ಹೊಸದನ್ನು ತಂದ ಮೇಲೆ ಮೊಣಕೈಯ ಒಳಮಗ್ಗುಲಿಗೆ ಹಚ್ಚಿ ಒಂದೆರಡು ದಿನ ನೋಡಿ, ತುರಿಕೆ ಇಲ್ಲವೆಂದು ಖಾತ್ರಿಯಾದ ಮೇಲೆ ಮುಖಕ್ಕೆ.

ವಸ್ತುಗಳ ಪಟ್ಟಿಯಲ್ಲಿ ಮೈಕಾ ಎಂದು ಕಂಡಾಗ ನನಗೆ ಇನ್ನೊಂದು ಚಿತ್ರ ಕಣ್ಣಿಗೆ ಕಟ್ಟುತ್ತದೆ. ಜಾರ್ಖಂಡಿನ ಕೊಡರ್ಮಾ, ಗಿರಿಡೀಹ್ ಕಡೆಯ ಕಾಡುಗಳಲ್ಲಿ ಲೆಕ್ಕಕ್ಕೆ ಸಿಗದ ಗಣಿಗಳಿವೆ. ಬಿಲದಂಥ ಆ ಗುಂಡಿಗಳಿಗೆ ಮಕ್ಕಳು ಇಳಿದು ಕಾಗೆಬಂಗಾರ ಆರಿಸುತ್ತಾರೆ. ಮಣ್ಣು ಕುಸಿದು ಮಕ್ಕಳು ಸತ್ತ ಸುದ್ದಿ 2016ರಲ್ಲಿ ಹೊರಬಂದಾಗ ಜಗತ್ತು ಬೆಚ್ಚಿತು. ಮರುವರ್ಷ ಮೈಕಾ ಕೊಳ್ಳುವ ಕಂಪನಿಗಳೂ ಸ್ವಯಂಸೇವಾ ಸಂಸ್ಥೆಗಳೂ ಸೇರಿ ರೆಸ್ಪಾನ್ಸಿಬಲ್ ಮೈಕಾ ಇನಿಶಿಯೇಟಿವ್ ಎಂಬ ಒಕ್ಕೂಟ ಕಟ್ಟಿಕೊಂಡವು. ಬಳ್ಳಾರಿಯವರಾದ ನಮಗೆ ಇದು ದೂರದ ಕಥೆಯಾಗಬಾರದು. 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸುವ ಮುಂಚಿನ ಅದಿರಿನ ಭರಾಟೆಯಲ್ಲಿ, ಸಂಡೂರು ಹೊಸಪೇಟೆ ಕಡೆ ಗುಡಾರಗಳ ಪಕ್ಕ ಮಕ್ಕಳು ಸುತ್ತಿಗೆ ಹಿಡಿದು ಕಲ್ಲು ಒಡೆದದ್ದನ್ನು ಕಂಡ ಜನ ನಾವು. ಈಗ ಕಾರ್ಖಾನೆಯಲ್ಲಿ ತಯಾರಾದ ಕೃತಕ ಮೈಕಾ ಬಂದಿದೆ. ಪಟ್ಟಿಯಲ್ಲಿ ಸಿಂಥೆಟಿಕ್ ಫ್ಲೋರ್‌ಫ್ಲೋಗೋಪೈಟ್ ಎಂಬ ನಾಲಿಗೆ ತೊಡರುವ ಹೆಸರಿದ್ದರೆ ಅದೇ. ಹೊಳಪು ಹೆಚ್ಚು, ಕಣ ನುಣುಪು, ಮೈಕಾ ಗಣಿಯ ಹಂಗಿಲ್ಲ. ನಾನು ಹುಡುಕಿ ಅದನ್ನೇ ತರುತ್ತೇನೆ. ಗಣಿಯಿಂದ ಬಂದ ಮೈಕಾ ಆದರೆ ಎಲ್ಲಿಯದೆಂದು ಕಂಪನಿಗೆ ಪತ್ರ ಬರೆದು ಕೇಳುವ ಹಕ್ಕು ಕೊಳ್ಳುವವರಿಗೆ ಇದೆ. ಕೇಳುವವರು ಹೆಚ್ಚಾದರೆ ಹೇಳಬೇಕಾದವರು ಹೇಳುತ್ತಾರೆ.

ಕೊನೆಯದಾಗಿ ತೆಗೆಯುವ ಬಗೆ. ಮದುವೆ ಮನೆಯಲ್ಲಿ ಹೆಣ್ಣಿಗೆ ಮುಖ ತೊಳೆಯಲೂ ಪುರುಸೊತ್ತು ಕೊಡುವುದಿಲ್ಲ. ಆರತಿ, ಫೋಟೊ, ನೆಂಟರು ಎಂದು ನಡುರಾತ್ರಿಯಾಗಿ ಹಾಗೇ ಮಲಗಿಬಿಡುತ್ತಾಳೆ, ಮೂರನೇ ದಿನಕ್ಕೆ ಕೆನ್ನೆ ತುಂಬ ಸಣ್ಣ ಗುಳ್ಳೆ. ಮೇಣದ ಬಣ್ಣ ಬರೀ ನೀರಿಗೆ ಬಿಡುವುದಿಲ್ಲ, ಸೋಪು ಹಾಕಿ ತಿಕ್ಕಿದರೆ ಚರ್ಮ ಒಡೆಯುತ್ತದೆ. ಎಳ್ಳೆಣ್ಣೆಯನ್ನೋ ಬಾದಾಮಿ ಎಣ್ಣೆಯನ್ನೋ ಅಂಗೈಗೆ ಹಾಕಿಕೊಂಡು ಮುಖದ ಮೇಲೆ ಮೆಲ್ಲಗೆ ಆಡಿಸಿ, ಒದ್ದೆ ಹತ್ತಿಬಟ್ಟೆಯಿಂದ ಒರೆಸಿ, ಆಮೇಲೆ ಮೆದುವಾದ ಫೇಸ್‌ವಾಶ್ ಅಥವಾ ಕಡಲೆಹಿಟ್ಟಿನಿಂದ ತೊಳೆಯಬೇಕು. ಹೆಣ್ಣಿನ ಜೊತೆ ಹೋಗುವ ಅಕ್ಕನೋ ಗೆಳತಿಯೋ ಒಂದು ಸಣ್ಣ ಸೀಸೆ ಎಣ್ಣೆ, ಎರಡು ತುಂಡು ಹಳೆಯ ಪಂಚೆಬಟ್ಟೆ ಚೀಲದಲ್ಲಿ ಇಟ್ಟುಕೊಂಡಿರಲಿ. ಎಷ್ಟೇ ರಾತ್ರಿಯಾದರೂ ಅವಳನ್ನು ಎಬ್ಬಿಸಿ ಮುಖ ಒರೆಸಿಯೇ ಮಲಗಿಸಲಿ.